ಗೇಣು ದೂರದ ಕಾವಲು

ಆ ಕ್ಯಾಮೆರಾವನ್ನು ಫಿಸಿಕ್ಸಪ್ಪ ಮೊದಲು ಕಂಡದ್ದು ಅಂಗಡಿಯ ಗಾಜಿನ ಕಪಾಟಿನಲ್ಲಿ, ಎರಡು ಕರೆಗಂಟೆಗಳ ನಡುವೆ. ಬಿಳಿ ಮೈ, ಕಪ್ಪು ಕಣ್ಣು, ಕಣ್ಣಿನ ಸುತ್ತ ತಿರುಗಿಸುವ ಬಳೆ, ಬಳೆಗೊಂದು ಪುಟ್ಟ ತಿರುಪು. ಇವನು ಬಗ್ಗಿ ನೋಡಿದ, ಅದೂ ದಿಟ್ಟಿಸಿತು.

"ಫೋಕಸ್ ಕೈಯಲ್ಲೇ ಮಾಡ್ಬೇಕು ಸಾರ್. ನಮ್ಮವರನ್ನ ಕಳಿಸ್ಲಾ?" ಎಂದ ಅಂಗಡಿಯವನು.

"ಲೆನ್ಸು? ನನಗೆ?" ಫಿಸಿಕ್ಸಪ್ಪ ನಕ್ಕ. ಅವನು ವಂಶದಲ್ಲೇ ಮೊದಲ ಪದವೀಧರ. ಪದವಿ ಭೌತಶಾಸ್ತ್ರದ್ದು. ಅದು ಬಂದ ದಿನದಿಂದ ಅವನ ನಿಜವಾದ ಹೆಸರನ್ನು ಮನೆಯವರು ಮರೆತಿದ್ದರು.

ಕ್ಯಾಮೆರಾ ಬೇಕಾದದ್ದು ಹೆಂಡತಿಯ ಹೊಲಿಗೆಗಾಗಿ. ಹೆಡ್ ನರ್ಸಮ್ಮ ಇಡೀ ಆಸ್ಪತ್ರೆಯ ಮೇಲಂಗಿಗಳನ್ನು ಹೊಲಿಯಲು ಅವಳಿಗೇ ಕೊಟ್ಟಿದ್ದರು. ಹೊಲಿದ ಮೇಲೆ ಕುಗ್ಗಬಾರದೆಂದು ಅವಳು ಬಟ್ಟೆಯನ್ನು ಮೊದಲೇ ನೆನೆಸಿ ಹಿತ್ತಲ ತಂತಿಗೆ ಹಾಕುತ್ತಿದ್ದಳು. ಅಲ್ಲಿಂದ, ಜೇಬಿಗೆಂದು ಇಟ್ಟಿದ್ದ ನೀಲಿ ಚುಕ್ಕೆಯ ತುಂಡೊಂದು ಮಾಯವಾಗಿತ್ತು.

"ಇನ್ನೊಂದು ಹೋದ್ರೆ ಕೆಲ್ಸ ಬೇರೆಯವ್ರಿಗೆ," ಎಂದಿದ್ದರು ನರ್ಸಮ್ಮ.

ಫಿಸಿಕ್ಸಪ್ಪ ಏಣಿ ಹತ್ತಿದ. ಹೆಂಡತಿ ಒಳಗೆ ಟೀವಿಯ ಮುಂದೆ ನಿಂತಳು.

"ಏನು ಕಾಣುತ್ತೆ?"

"ಮಂಜು."

ಬಳೆ ತಿರುಗಿಸಿದ. "ಈಗ?"

"ಕುಂಬಳಕಾಯಿ."

"ಅದು ನಾನು ಕಣೇ!"

"ಹೌದಾ? ಹಾಗಾದ್ರೆ ಸರಿಯಾಗ್ತಾ ಇದೆ ರೀ."

ಇನ್ನಷ್ಟು ತಿರುಗಿಸಿದ. "ಈಗ?"

"ಅಬ್ಬಾ! ಮೂಗಿನ ಕೂದ್ಲು ಎಣಿಸಬಹುದು!"

ವಿಜ್ಞಾನ ಗೆದ್ದಿತು! ತಿರುಪು ಬಿಗಿದು, ಅಲ್ಲಾಡದಿರಲೆಂದು ಮೇಲೊಂದು ತೊಟ್ಟು ಗೋಂದನ್ನೂ ಹಾಕಿ ಇಳಿದ. ಲೆನ್ಸಿನಿಂದ ಗೇಣು ದೂರದಲ್ಲಿದ್ದ ಮೂಗೂ ಅವನ ಜೊತೆಗೇ ಇಳಿಯಿತು. ಟೀವಿಯಲ್ಲಿ ಹಿತ್ತಲು ಹಿಟ್ಟಿನಂತೆ ಕಲಸಿಹೋಯಿತು.

"ರೀ, ತಂತಿ ಎಲ್ಲಿ?"

"ಧೂಳು ಕೂತಿರ್ಬೇಕು. ಒರೆಸಿದ್ರೆ ಸರಿ."

ದಿನವೂ ಬೆಳಿಗ್ಗೆ ಏಣಿ ಹತ್ತಿ, ಕೈಗೆ ಸಿಕ್ಕಿದ್ದರಲ್ಲಿ ಲೆನ್ಸು ಒರೆಸತೊಡಗಿದ. ಧೂಳು ಹೋಗುತ್ತಿತ್ತು, ಮಂಜು ಉಳಿಯುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ತುಂಡು ಮಾಯ! ನರ್ಸಮ್ಮ ಬಂದವರೇ ಕುರ್ಚಿ ಎಳೆದುಕೊಂಡು ಕೂತರು.

"ಹಾಕಿ ನಿಮ್ಮ ಸಿನಿಮಾ," ಎಂದರು.

ಟೀವಿಯಲ್ಲಿ ಬೆಳಗಾಯಿತು. ಮಂಜಿನಲ್ಲಿ ಬೂದು ಗುಡ್ಡೆಯೊಂದು ತಂತಿಯ ಕಡೆ ಸರಿಯಿತು.

"ಕಳ್ಳ!" ಎಂದು ಫಿಸಿಕ್ಸಪ್ಪ ಎದ್ದುನಿಂತ. "ನಡಿಗೆ ನೋಡಿ, ಎಷ್ಟು ನಾಚಿಕೆಗೆಟ್ಟ ನಡಿಗೆ!"

ಗುಡ್ಡೆ ಏನನ್ನೋ ಎಳೆದುಕೊಂಡಿತು. ಆಮೇಲೆ ಓಡಲಿಲ್ಲ. ಕ್ಯಾಮೆರಾದ ಕಡೆಗೇ ಬಂತು, ಏಣಿ ಹತ್ತಿತು, ದೊಡ್ಡದಾಯಿತು. ಗೇಣು ದೂರಕ್ಕೆ ಬಂದದ್ದೇ ತಡ, ಪರದೆಯ ತುಂಬ ನೀಲಿ ಚುಕ್ಕೆಯ ಜೇಬಿನ ಬಟ್ಟೆ, ನೇಯ್ಗೆಯ ಒಂದೊಂದು ಎಳೆಯೂ ಸ್ಪಷ್ಟ! ಅದರ ಹಿಂದೆ, ಲೆನ್ಸಿನ ಮೇಲೆ ಗಂಭೀರವಾಗಿ ಉಸಿರು ಊದುತ್ತಿದ್ದ ಮೂಗು.



"ಫೋಕಸ್ ಮಾತ್ರ ಚೆನ್ನಾಗಿದೆ," ಎಂದರು ನರ್ಸಮ್ಮ. "ಮೊದಲ್ನೇ ತುಂಡು?"

ಹೊರಗೆ ನಿಂತಿದ್ದ ತನ್ನ ಸ್ಕೂಟರಿನ ಕಡೆ ನೋಡದಿರಲು ಫಿಸಿಕ್ಸಪ್ಪ ಬಹಳ ಕಷ್ಟಪಟ್ಟ. ಅದು ಫಳಫಳ ಹೊಳೆಯುತ್ತಿತ್ತು.

"ಕೆಲ್ಸ ಬೇರೆಯವ್ರಿಗೆ ಕೊಟ್ಬಿಡ್ತೀರಾ ಅಮ್ಮಾ?" ಹೆಂಡತಿಯ ದನಿ ಸಣ್ಣಗಾಗಿತ್ತು.

"ಯಾಕಮ್ಮ ಕೊಡ್ಲಿ? ಕಳ್ಳ ಮನೇಲೇ ಸಿಕ್ಕಿದ್ದಾನೆ. ಅವನ ಕೈ ಖಾಲಿ ಬಿಡ್ಬೇಡ, ಅಷ್ಟೇ."

ಫಿಸಿಕ್ಸಪ್ಪ ಈಗ ಮೇಲಂಗಿಗಳಿಗೆ ಗುಂಡಿ ಹೊಲಿಯುತ್ತಾನೆ.