ನಮ್ಮ ಕಾಕಾನ ಜಪಾನು

ನಮ್ಮ ಕಾಕಾ ಜಪಾನಿನವರು! ಹುಟ್ಟಿದ್ದು ಸಗರದಲ್ಲಿ, ಶಾಲೆ ಕಲಿತದ್ದು ಶಹಾಪುರದಲ್ಲಿ, ಜೀವಮಾನದಲ್ಲಿ ಅತಿ ದೂರ ಹೋಗಿದ್ದು ಹೈದರಾಬಾದಿಗೆ. ಆದರೂ ಜಪಾನಿನವರೇ. ನಂಬಿಕೆ ಬಾರದಿದ್ದರೆ ಶಹಾಪುರದ ನಮ್ಮ ಓಣಿಗೆ ಬಂದು ಯಾರನ್ನಾದರೂ ಕೇಳಿ. "ಜಪಾನ್ ಕಾಕಾನ ಮನಿ ಏನ್ರಿ? ಅಗೋ, ಕೌದಿ ಹೊದ್ದ ಗಾಡಿ ನಿಂತದ ನೋಡ್ರಿ, ಅದೇ" ಎಂದು ಬೆರಳು ತೋರಿಸುತ್ತಾರೆ.

ಹೌದು, ನಮ್ಮ ಕಾಕಾನ ಕಾರು ಕೌದಿ ಹೊದ್ದುಕೊಂಡು ಮಲಗುತ್ತದೆ. ಮನೆಯಲ್ಲಿದ್ದ ಗಟ್ಟಿ ಕೌದಿ ಅದೊಂದೇ. ಕಾಕಾ, ಚಿಗವ್ವ ಇಬ್ಬರೂ ತೂತು ಬಿದ್ದದ್ದನ್ನು ಹೊದೆಯುತ್ತಾರೆ. "ನಿಮಗ ಥಂಡಿ ಆಗಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ. "ನನಗ ಥಂಡಿ ಆದ್ರ ಕೆಮ್ಮತೇನಿ, ಮಂದಿಗೆ ತಿಳೀತದ. ಅದು ಪಾಪ ಯಾರಿಗೆ ಹೇಳ್ಬೇಕು?" ಎಂದರು.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಚಿಗವ್ವ ಅವರ ಹೆಂಡತಿ. ಕಾಕಾ ಕಾಲುವೆ ಇಲಾಖೆಯಲ್ಲಿ ಗೇಟು ಏರಿಸಿ ಇಳಿಸಿ ನಿವೃತ್ತರಾದವರು. ಹದಿನಾರು ವರ್ಷದ ಹಿಂದೆ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಜಪಾನಿ ಕಾರೊಂದನ್ನು ತಂದರು. ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಕಾಕಾ ಬಂದು, "ಅಕ್ಷರ ಇನ್ನಷ್ಟು ದಪ್ಪ ಬರೀಬೇಕಿತ್ತು" ಅನ್ನುತ್ತಾರೆ. ನನ್ನನ್ನು ಮದುವೆ ಮಾಡಿ ಕೊಟ್ಟ ಮನೆ ಅವರ ಮನೆಗೆ ಎದುರುಗಡೆಯೇ ಇರುವುದರಿಂದ ಈ ಹದಿನಾರು ವರ್ಷವೂ ನನಗೆ ಪುಕ್ಕಟೆ ಪುರಾಣ ಶ್ರವಣ.

ಪುರಾಣವೆಂದರೆ ಅವರ ಕಂಪನಿಯ ಪುರಾಣ. ಆ ಕಂಪನಿಯವರು ಮೊದಲು ಕಾರು ಮಾಡುತ್ತಿರಲಿಲ್ಲವಂತೆ, ಮಗ್ಗ ಮಾಡುತ್ತಿದ್ದರಂತೆ! ಹಳ್ಳಿಯ ಹುಡುಗನೊಬ್ಬ ತನ್ನ ಅವ್ವ ಮಗ್ಗದಲ್ಲಿ ಕೂತು ದಣಿಯುವುದನ್ನು ನೋಡಲಾರದೆ ಹಗುರಾದ ಮಗ್ಗ ಕಟ್ಟಿದನಂತೆ. ಆಮೇಲೆ ನೂಲು ಕಡಿದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದನಂತೆ. ಅವನ ಮಗ ಕಾರು ಮಾಡಿದನಂತೆ. ಕಥೆ ಚೆನ್ನಾಗಿಯೇ ಇದೆ, ಮೊದಲ ಸಲ ಕೇಳಿದಾಗ ನನ್ನ ಕಣ್ಣಲ್ಲಿ ನೀರೂ ಬಂತು. ಆದರೆ ಮದುವೆ ಊಟದ ಪಂಕ್ತಿಯಲ್ಲಿ ಕಾಕಾನ ಆಚೆ ಈಚೆ ಕೂತವರ ಗತಿ ಏನು? ಹುಗ್ಗಿ ಬರುವ ಹೊತ್ತಿಗೆ ಮಗ್ಗ ಬರುತ್ತದೆ, ಮಜ್ಜಿಗೆ ಬಂದರೂ ಕಾರು ಬಂದಿರುವುದಿಲ್ಲ. ಈಗ ಪಂಕ್ತಿಯಲ್ಲಿ ಕಾಕಾನ ಎರಡೂ ಪಕ್ಕ ಖಾಲಿ. "ನೋಡ್ರಿ, ಹಿರೇ ಮನಷ್ಯಾರು ಅಂತ ಮಂದಿ ಜಾಗಾ ಬಿಟ್ಟು ಕೂಡತಾರ" ಎಂದು ಕಾಕಾ ಸಂತೋಷಪಡುತ್ತಾರೆ.

ಆ ಕಂಪನಿಯಲ್ಲಿ ಇನ್ನೊಂದು ಪದ್ಧತಿ ಇದೆಯಂತೆ. ಏನಾದರೂ ಕೆಟ್ಟರೆ ಐದು ಸಲ "ಯಾಕೆ" ಎಂದು ಕೇಳಬೇಕಂತೆ, ಐದನೆಯದಕ್ಕೆ ಬೇರು ಸಿಗುತ್ತದಂತೆ. ಅಲ್ಲಿ ಕೇಳಿ ಏನೇನು ರಿಪೇರಿ ಮಾಡಿದರೋ, ಇಲ್ಲಿ ಚಿಗವ್ವನ ಒಲೆಯ ಮುಂದೆ ಶುರುವಾಯಿತು. ಒಂದು ದಿನ ರೊಟ್ಟಿ ಸುಟ್ಟಿತು.

"ರೊಟ್ಟಿ ಯಾಕ ಸುಟ್ಟಿತು?"

"ಉರಿ ಜಾಸ್ತಿ ಆತ್ರಿ."

"ಉರಿ ಯಾಕ ಜಾಸ್ತಿ ಆತು?"

"ಹಂಚಿನ ಮ್ಯಾಲ ಬಿಟ್ಟು ಹೊರಗ ಬಂದಿದ್ದೆ."

"ಹೊರಗ ಯಾಕ ಬಂದಿ?"

"ನೀವು ಕೂಗಿದ್ರಿ."

"ನಾ ಯಾಕ ಕೂಗಿದೆ?"

"ಗಾಡಿ ಟೈರಿಗೆ ನೀರು ಹಾಕಾಕ."

ಐದನೆಯದು ಉಳಿದಿತ್ತು. ಕಾಕಾ ಗಂಟಲು ಸರಿಮಾಡಿಕೊಂಡು ಕೇಳಿಯೇ ಬಿಟ್ಟರು: "ಟೈರಿಗೆ ಯಾಕ ದಿನಾ ನೀರು ಹಾಕಬೇಕು?"

"ಅದನ್ನ ನಾನೂ ಇಷ್ಟ ವರ್ಷದಿಂದ ಕೇಳಾಕತ್ತೇನಿ!" ಎಂದಳು ಚಿಗವ್ವ.

ಅವತ್ತು ಕಾಕಾ ಸುಟ್ಟ ರೊಟ್ಟಿಯನ್ನೇ ಎರಡು ತಿಂದು ಎದ್ದರು. ನೋಡಿ, ಜಪಾನಿನ ಪದ್ಧತಿಯಿಂದ ನಮ್ಮ ಮನೆತನಕ್ಕೆ ಆದ ಲಾಭ.

ಆ ಕಂಪನಿಯ ಗಾಡಿ ಇಟ್ಟುಕೊಂಡವರೆಲ್ಲ ಒಂದೇ ಗೋತ್ರದವರು ಎಂದು ನನಗೆ ಗೊತ್ತಾದದ್ದು ಯಾದಗಿರಿಯ ಪೆಟ್ರೋಲ್ ಬಂಕಿನಲ್ಲಿ. ಮುಂದೆ ಅದೇ ಕಂಪನಿಯ ಗಾಡಿ ನಿಂತಿತ್ತು. ಕಾಕಾ ಇಳಿದರು, ಆ ಗಾಡಿಯ ಮಾಲೀಕರೂ ಇಳಿದರು. ಹೆಸರಿಲ್ಲ, ಊರಿಲ್ಲ, ನೇರವಾಗಿ ವಿಷಯ.

"ಎಷ್ಟು ಓಡ್ಯಾದ್ರಿ?"

"ಮೂರು ಲಕ್ಷ ದಾಟ್ಯಾದ. ನಿಮ್ಮದು?"

"ನಾಲ್ಕರ ಸನೇಕ ಬಂದದ. ಎಂಜಿನ್ ಬಿಚ್ಚೀರೇನು?"

"ಇಲ್ಲಪಾ! ಬಿಚ್ಚೋದು ಯಾಕ?"

"ಹೌದ್ರಿ, ಬಿಚ್ಚೋದು ಯಾಕ!"

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಿಂದೆ ನಾಲ್ಕು ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು. ಮಕ್ಕಳು ಮೊಮ್ಮಕ್ಕಳ ಸುದ್ದಿ ಮಾತಾಡಿದಷ್ಟು ಅಕ್ಕರೆಯಿಂದ ಬೆಲ್ಟು, ಬುಷ್ಷು, ಬ್ಯಾಟರಿ ಮಾತಾಡಿ ಮುಗಿಸಿದರು. ವಾಪಸು ಬಂದು ಗಾಡಿ ಏರಿದ ಮೇಲೆ ಕಾಕಾ ಹೇಳಿದರು: "ಭಾಳ ದೊಡ್ಡ ಮನಷ್ಯಾ." ಹೆಸರೇನು ಎಂದರೆ ಗೊತ್ತಿಲ್ಲ!

ಇಂಥ ಕಾಕಾನ ಮಗಳನ್ನು ನೋಡಲು ಸುರಪುರದಿಂದ ಗಂಡಿನವರು ಬಂದರು. ಬಂದದ್ದು ಬೇರೆ ಕಂಪನಿಯ ಕಾರಿನಲ್ಲಿ. ಅವರ ಗಾಡಿಗೆ ನೆರಳಿರಲಿ ಎಂದು ನಮ್ಮ ಗಾಡಿಯನ್ನು ಬೇವಿನ ಮರದ ಬುಡದಿಂದ ಸರಿಸಿ ಅವರದನ್ನು ಅಲ್ಲಿ ನಿಲ್ಲಿಸಿದ್ದೆವು. ಒಳಗೆ ಹುಡುಗಿ ಚಹಾ ತಂದಿಟ್ಟಳು, ಹುಡುಗ ತಲೆ ತಗ್ಗಿಸಿ ಕೂತ, ದೊಡ್ಡವರು ಮಾತಾಡಿದರು. ಹುಡುಗಿಯ ಅಪ್ಪ ಎಲ್ಲಿ? ಹೊರಗೆ, ಬೀಗರ ಗಾಡಿಯ ಕೆಳಗೆ, ಮಂಡಿಯೂರಿ! ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದು ಚಿಗವ್ವನ ಕಿವಿಯಲ್ಲಿ ಪಿಸುಗುಟ್ಟಿದರು. "ಈ ಸಂಬಂಧ ಬ್ಯಾಡ. ಗಾಡಿ ಕೆಳಗ ಎಣ್ಣಿ ಬಿದ್ದದ. ಮನೆತನ ಸೋರಾಕತ್ತದ."

ಚಿಗವ್ವ ಅವಲಕ್ಕಿಗೆ ಒಗ್ಗರಣೆ ಹಾಕುತ್ತಲೇ ಕೇಳಿದಳು. "ಅವರ ಗಾಡಿ ಬರೂದಕಿಂತ ಮದಲ ಅಲ್ಲಿ ಯಾರ ಗಾಡಿ ನಿಂತಿತ್ತು?"

ಕಾಕಾ ಹೊರಗೆ ಹೋಗಿ ಹೆಗಲ ಮೇಲಿನ ಟವೆಲ್ಲಿನಿಂದ ಆ ಕಲೆ ಒರೆಸಿ ಬಂದರು. ಸಂಬಂಧ ಗಟ್ಟಿಯಾಯಿತು, ಮಗಳು ಸುರಪುರದಲ್ಲಿ ಸುಖವಾಗಿದ್ದಾಳೆ. ಆ ಎಣ್ಣೆಯ ವಿಷಯ ತೆಗೆದರೆ ಮಾತ್ರ ಕಾಕಾ ಇಂದಿಗೂ, "ಅದು ಎಣ್ಣಿ ಅಲ್ಲ, ಬೆವರು. ದುಡಿಯೋರಿಗೆ ಬೆವರು ಬರತದ" ಅನ್ನುತ್ತಾರೆ.

ಗಾಡಿ ಹತ್ತಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು. ಅದು ಕಾಕಾನ ಕಾನೂನು. ಒಮ್ಮೆ ತಿಂಥಣಿ ಮೌನಪ್ಪಯ್ಯನ ದರ್ಶನಕ್ಕೆಂದು ನಸುಕಿನಲ್ಲಿ ಐದು ಜನ ಹೊರಟೆವು. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು, ಬಾಗಿಲಿಗೆ ಕೈಮುಗಿದು ಹತ್ತಿದೆವು. ತಿಂಥಣಿಯಲ್ಲಿ ಇಳಿದು ನೋಡುತ್ತೇವೆ, ಒಬ್ಬರ ಕಾಲಲ್ಲೂ ಚಪ್ಪಲಿ ಇಲ್ಲ! ಐದೂ ಜೊತೆ ಶಹಾಪುರದ ಓಣಿಯಲ್ಲಿ, ಗಾಡಿ ನಿಂತಿದ್ದ ಜಾಗದ ಸುತ್ತ, ಸಾಲಾಗಿ ಕಾಯುತ್ತಿದ್ದವು. ಚಿಗವ್ವ ಬೈದಳು, ನಮ್ಮ ಮನೆಯವರು ಮುಖ ಊದಿಸಿಕೊಂಡರು. ಗುಡಿಯಲ್ಲಿ ಮಾತ್ರ ಹಿರಿಯರೊಬ್ಬರು ನಮ್ಮ ಕಾಲು ನೋಡಿ, "ಬರಿಗಾಲಿಲೆ ಬರ್ತೀವಂತ ಹರಕಿ ಹೊತ್ತಿದ್ರೇನ್ರಿ? ಭಾಳ ಚಲೋ ಆತು" ಎಂದು ಮುಂದೆ ಬಿಟ್ಟರು. ದರ್ಶನ ಬೇಗ ಆಯಿತು. ಹೊರಗಿಟ್ಟ ಚಪ್ಪಲಿ ಯಾರಾದರೂ ಒಯ್ದಾರೆಂಬ ಚಿಂತೆ ಇಲ್ಲದೆ ನಾನು ಜೀವನದಲ್ಲಿ ಮೊದಲ ಸಲ ನೆಮ್ಮದಿಯಿಂದ ಕಣ್ಣುಮುಚ್ಚಿದೆ. ದೇವರು ಕೊಡುವ ದಾರಿ ಯಾರಿಗೆ ಗೊತ್ತು?

ಇಷ್ಟೆಲ್ಲ ನಕ್ಕಿದ್ದೇವೆ. ಆದರೆ ಹೋದ ವರ್ಷ ತೊಗರಿ ರಾಶಿಯ ಕಾಲದಲ್ಲಿ ನಗು ನಿಂತಿತು.

ನಮ್ಮ ಕಡೆ ತೊಗರಿ ಕೊಯ್ದು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಲಿ ಎಂದು. ಕಾಕಾನ ಮಗಳ ಮನೆಯಿಂದ ನಾವು ಮೂವರು ವಾಪಸು ಬರುತ್ತಿದ್ದೆವು, ಮಟಮಟ ಮಧ್ಯಾಹ್ನ. ರಸ್ತೆಯ ಎಡಕ್ಕೆ ಹರವಿದ ತೊಗರಿಯ ಪಕ್ಕ ಮುದುಕಿಯೊಬ್ಬಳು ಕೂತು ಕಾಳು ಗುಡಿಸುತ್ತಿದ್ದಳು. ನನಗೆ ಕಂಡಳು, ಚಿಗವ್ವನಿಗೆ ಕಂಡಳು. ಕಾಕಾನಿಗೆ ಕಾಣಲಿಲ್ಲ. ಗಾಡಿ ಎಡಕ್ಕೆ ವಾಲುತ್ತಾ ಹೋಯಿತು. ಚಿಗವ್ವ ಚೀರಿದಳು. ಬ್ರೇಕು ಬಿತ್ತು. ಮುದುಕಿಯ ಕಸಬರಿಗೆ ನಮ್ಮ ಬಂಪರಿಗೆ ತಾಗಿ ನಿಂತಿತ್ತು.

ಮುದುಕಿ ಎದ್ದು ಬಂದಳು. "ಕಣ್ಣು ಮನಿಯಾಗ ಇಟ್ಟು ಬಂದೀ ಏನೋ ಯಪ್ಪಾ? ಇನ್ನೊಂದು ಗೇಣು ಬಂದಿದ್ರ ನನ್ನನ್ನೂ ರಾಶಿ ಮಾಡ್ತಿದ್ದಿ!"

ಕಾಕಾ ಸ್ಟೇರಿಂಗ್ ಸವರಿ, "ನೋಡಿದ್ರೇನು, ಬ್ರೇಕು ಹ್ಯಾಂಗ ಹಿಡೀತು! ಜಪಾನಿಂದು!" ಎಂದರು. ಯಾರೂ ನಗಲಿಲ್ಲ. ಮನೆಗೆ ಬಂದು ನಾನು ಮೊದಲು ದೇವರ ಮುಂದೆ ಎಣ್ಣೆದೀಪ ಹಚ್ಚಿದೆ, ಆ ಮುದುಕಿಯ ಹೆಸರಲ್ಲಿ. ಹೆಸರು ಗೊತ್ತಿಲ್ಲ, ದೇವರಿಗೆ ಗೊತ್ತಿರುತ್ತದೆ.

ಯಾದಗಿರಿಯ ಕಣ್ಣಿನ ಡಾಕ್ಟರು ಯಾವುದೋ ಯಂತ್ರಕ್ಕೆ ಗದ್ದ ಊರಿಸಿ ಎರಡು ಸಲ ನೋಡಿದರು. "ಕಣ್ಣಿನ ನರ ಒಣಗ್ಯಾವ್ರಿ. ಎದುರಿಗಿಂದು ಕಾಣತದ, ಎಡಕ್ಕ ಬಲಕ್ಕ, ಬಾಜೂಕಿಂದು ಹೋಗ್ಯಾದ. ಹೋಗಿದ್ದು ವಾಪಸ್ ಬರಂಗಿಲ್ಲ. ಹನಿ ಹಾಕ್ಕೊಂಡು ಇದ್ದದ್ದು ಉಳಿಸ್ಕೋಬೇಕು. ಗಾಡಿ ಮಾತ್ರ ಹೊಡೀಬ್ಯಾಡ್ರಿ" ಎಂದರು.

ಕಾಕಾ ಹೊರಗೆ ಬಂದು ಡಾಕ್ಟರ ಗಾಡಿ ಯಾವುದೆಂದು ವಾಚ್‌ಮನ್‌ನನ್ನು ಕೇಳಿದರು. ಬೇರೆ ಕಂಪನಿಯದು. "ಅದಕ್ಕೇ ಹಂಗ ಹೇಳ್ಯಾನ!" ಎಂದು ಕೀಲಿ ತೆಗೆದರು.

ಅಲ್ಲಿಂದ ಮನೆಯಲ್ಲಿ ಯುದ್ಧ. ನಮ್ಮ ಮನೆಯವರು, "ನಾ ಹೊಡೀತೇನಿ, ಕೊಡ್ರಿ ಕಾಕಾ" ಎಂದು ಹೋದರು. ಹತ್ತಿ ಕೂತು ಬಾಗಿಲು ಎಳೆದುಕೊಂಡರು. ಕಾಕಾ ಕೆಳಗಿಳಿಸಿಬಿಟ್ಟರು. "ಬಾಗಲಾ ಹಾಕಿಲ್ಲ ನೀ, ಕಪಾಳಕ್ಕ ಹೊಡದಿ." ಅಳಿಯ ಕೇಳಿದ. ಅವನ ಸ್ವಂತ ಗಾಡಿ ಯಾವುದೆಂದು ನಿಮಗೆ ಗೊತ್ತೇ ಇದೆ, ಅವನಿಗೆ ಅರ್ಹತೆಯೇ ಇಲ್ಲ. ಬಾಡಿಗೆ ಡ್ರೈವರ್ ಎಂದರೆ ಕಾಕಾ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಕೊನೆಗೆ ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀವು ಹೊಡೆಯೋ ಗಾಡ್ಯಾಗ ನಾ ಇನ್ನ ಕೂಡಂಗಿಲ್ಲ. ಸಾಯೋದಕ್ಕ ಹೆದರಿಲ್ಲ ನಾ. ಆ ಮುದಕಿಗೂ ಮಕ್ಕಳಿರತಾವ." ಇಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಕಾಕಾ ಒಬ್ಬರೇ ಗಾಡಿ ತೆಗೆದರು. ಓಣಿಯ ತುದಿಯವರೆಗೆ ಹೋಗಿ, ಪಕ್ಕದ ಖಾಲಿ ಸೀಟಿನ ಕಡೆಗೆ ಕತ್ತು ತಿರುಗಿಸಿ ನೋಡಿ, ಹಾಗೇ ಹಿಂದಕ್ಕೆ ಬಂದು ನಿಲ್ಲಿಸಿದರು. ಕೌದಿ ಹೊದಿಸಿದರು. ಮೂರು ದಿನ ಅದನ್ನು ತೆಗೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಕೂತು ಚುಕ್ಕಿ ಇಟ್ಟು ರಂಗೋಲಿ ಎಳೆಯುತ್ತಿದ್ದಾಗ ಎದುರಿಗೆ ಬಂದು ನಿಂತರು.

"ಮಗಳ, ನಿನ್ನ ಕೈ ನಡಗಂಗಿಲ್ಲ. ಗೆರಿ ನೆಟ್ಟಗ ಎಳೀತಿ. ನೀ ಕಲಿ."

"ಏನು ಕಲೀಲ್ರಿ?"

ಕೀಲಿಯನ್ನು ರಂಗೋಲಿ ಬಟ್ಟಲಿನಲ್ಲಿ ಇಟ್ಟರು.

ನಲವತ್ತೇಳನೆಯ ವಯಸ್ಸಿಗೆ, ಸೈಕಲ್ಲೂ ಬಾರದ ನಾನು! ಭಾನುವಾರ ಖಾಲಿ ಇರುವ ಮಾರುಕಟ್ಟೆಯ ಮೈದಾನದಲ್ಲಿ ಪಾಠ ಶುರುವಾಯಿತು. ಮೊದಲ ದಿನ ಪೂರ್ತಿ ಬಾಗಿಲು ಹಾಕುವ ಪಾಠ. ಎರಡನೆಯ ದಿನ ಕ್ಲಚ್ಚು. "ಮೆಲ್ಲಕ ಬಿಡು, ಮಲಗಿದ ಕೂಸಿನ ತಲಿ ಕೆಳಗಿಂದ ಕೈ ತಗದಂಗ." ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಲ್ಲುತ್ತಿತ್ತು. "ನನಗ ಬರಂಗಿಲ್ರಿ ಕಾಕಾ" ಎಂದರೆ, "ನಿನಗ ಬರಂಗಿಲ್ಲ ಖರೆ, ಗಾಡಿಗೆ ಬರತದ. ಅದರ ಕೂಡ ಹೋಗು" ಎನ್ನುತ್ತಿದ್ದರು. ಒಂದು ಕಂಬ, ಎರಡು ಕೋಳಿಬುಟ್ಟಿ ಬಿಟ್ಟರೆ ಬೇರೆ ಯಾರಿಗೂ ಏನೂ ಆಗಲಿಲ್ಲ. ಬುಟ್ಟಿಯಲ್ಲಿ ಕೋಳಿ ಇರಲಿಲ್ಲ, ಅದು ದೇವರ ದಯೆ. ಎರಡನೆಯ ಸಲಕ್ಕೆ ಲೈಸೆನ್ಸೂ ಬಂತು.

ಹತ್ತಿ ಒಡೆಯುವ ಹೊತ್ತಿಗೆ, ಮಗಳ ಮನೆಗೆಂದು ಮೂವರೇ ಸುರಪುರಕ್ಕೆ ಹೊರಟೆವು. ನಾನು ಸ್ಟೇರಿಂಗ್ ಮುಂದೆ, ಚಿಗವ್ವ ಪಕ್ಕದಲ್ಲಿ. ಕಾಕಾ ಮೊದಲ ಸಲ ಹಿಂದಿನ ಸೀಟಿನಲ್ಲಿ. ಗೇರು ತಪ್ಪಾಗಿ ಹಾಕಿದೆ, ಹಾರ್ನು ಮರೆತೆ. ಕಾಕಾ ನನ್ನ ಸೀಟಿನ ಬೆನ್ನನ್ನೇ ನೋಡುತ್ತಾ ಕೂತಿದ್ದರು. ಬೈದಿದ್ದರೆ ವಾಸಿಯಿತ್ತು. ಊರು ದಾಟಿದ ಮೇಲೆ ಸಣ್ಣ ದನಿ ಬಂತು.

"ಏ ಇವಳ, ಹಿಂದ ಬಾ."

"ಯಾಕ್ರಿ, ಏನಾತು?" ಚಿಗವ್ವ ಗಾಬರಿಯಾದಳು.

"ಏನಿಲ್ಲ. ಬಾಜೂಕ ಏನೂ ಕಾಣವಲ್ದು. ಏನೇನು ಹೋಗಾಕತ್ತಾವ, ಹೇಳಕೋತ ಬಾ."

ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಚಿಗವ್ವ ಇಳಿದು ಹಿಂದೆ ಹೋಗಿ ಕೂತಳು. ಬಾಗಿಲನ್ನು ಸಪ್ಪಳವಾಗದಂತೆ ಹಾಕಿದಳು. ಕನ್ನಡಿಯಲ್ಲಿ ನೋಡಿದೆ. ಕಾಕಾನ ಖಾಲಿ ಕೈ ಅವಳ ಕೈಯೊಳಗಿತ್ತು.

"ಹತ್ತಿ ಹೊಲ ಬಂತ್ರಿ. ಬಿಡಸಾಕತ್ತಾರ. ಆರು ಮಂದಿ ಅದಾರ. ಒಬ್ಬಾಕಿ ಕೆಂಪು ಸೀರಿ ಉಟ್ಟಾಳ."

"ಕೂಸು ಅದ ಏನು?"

"ಅದ. ಜಾಲಿ ಗಿಡಕ್ಕ ಜೋಳಿಗಿ ಕಟ್ಯಾರ."

"ಮತ್ತ?"

"ಎಮ್ಮಿ ಬಂದ್ವು. ಮೂರು. ಒಂದು ನಮ್ಮ ಕಡೀನ ನೋಡಾಕತ್ತದ."

"ನಮ್ಮನ್ನಲ್ಲ, ಗಾಡಿ ನೋಡಾಕತ್ತಿರಬೇಕು" ಎಂದರು ಕಾಕಾ.

"ಹೌದ್ರಿ, ಗಾಡೀನ ನೋಡಾಕತ್ತದ" ಎಂದಳು ಚಿಗವ್ವ. ಹದಿನಾರು ವರ್ಷದಲ್ಲಿ ಗಾಡಿಯ ವಿಷಯದಲ್ಲಿ ಅವಳು ಹೌದೆಂದದ್ದು ಅದೇ ಮೊದಲು.

ಸುರಪುರ ಬಂದರೂ ಅವಳು ಹೇಳುವುದನ್ನು ನಿಲ್ಲಿಸಲಿಲ್ಲ. ಬಾಳೆಹಣ್ಣಿನ ಬಂಡಿ, ಸಾಲೆ ಬಿಟ್ಟ ಹುಡುಗಿಯರು, ಗುಡ್ಡದ ಮೇಲಿನ ಹಳೆಯ ಗೋಡೆ. ಮಗಳ ಓಣಿ ಎಡಕ್ಕೆ ಬಂತು. ನಾನು ತಿರುಗಿಸಲಿಲ್ಲ. ಊರನ್ನು ಇನ್ನೊಂದು ಸುತ್ತು ಹಾಕಿದೆ.