ಖಜಾಂಚಿಯ ರೊಟ್ಟಿ ಬಾಕಿ

ಮುರಿದ ರೊಟ್ಟಿಗೆ ರಸೀದಿ ಕೊಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಧಾರವಾಡದಲ್ಲಿ ಮೂರು ವರ್ಷ ಅವನ ಜೊತೆ ಒಂದೇ ಖೋಲಿಯಲ್ಲಿ ಬಾಳುವೆ ಮಾಡಿದ್ದೇನೆ! ಅವನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಎಲ್ಲಿದ್ದರೂ ಎದ್ದು ಬಂದು, “ಬರ್ಯಾಕ ಪರವಾನಿಗಿ ಯಾರು ಕೊಟ್ರು? ಅರ್ಜಿ ಎಲ್ಲೈತಿ?” ಎಂದು ಕೇಳಿಯಾನು. ಹಾಗೆ ಬಂದು ಕೇಳಿದರೆ ನನಗೇನೂ ಬೇಸರವಿಲ್ಲ, ಅದು ಬೇರೆ ಮಾತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ತಾಲೂಕಿನಿಂದ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಹದಿನೆಂಟು ಹುಡುಗರು ಕೂಡಿ ಆಗ ಒಂದು ವಿದ್ಯಾರ್ಥಿ ಸಂಘ ಕಟ್ಟಿದ್ದೆವು. ಲಚ್ಯಾಣದವನಾದ ನಾನು ಕಾರ್ಯದರ್ಶಿ. ಗೊಳಸಂಗಿಯವನಾದ ಅವನು ಖಜಾಂಚಿ. ಸಂಘದ ಉದ್ದೇಶ “ಸದಸ್ಯರ ಸರ್ವಾಂಗೀಣ ಉನ್ನತಿ” ಎಂದು ಬರೆದವನು ನಾನೇ. ಹಾಗೆಂದರೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಖಜಾಂಚಿಗೆ ಮಾತ್ರ ಮೊದಲ ದಿನವೇ ಗೊತ್ತಾಗಿತ್ತು. ಉನ್ನತಿ ಎಂದರೆ ಶಿಲ್ಕು, ಖರ್ಚು ಕಳೆದು ಉಳಿದ ಹಣ. ಶಿಲ್ಕು ಬೆಳೆಯಬೇಕು, ಕರಗಬಾರದು!

ಆದರೆ ಬೆಳೆಯುವುದು ಹೇಗೆ? ತಿಂಗಳಿಗೆ ನಾಲ್ಕಾಣೆ ವರ್ಗಣಿ ಎಂದು ಗೊತ್ತುಮಾಡಿದೆವು. ಯಾರೂ ಕೊಡಲಿಲ್ಲ. ಅಷ್ಟರಲ್ಲಿ ಸರಕಾರದವರು ಆಣೆ ತೆಗೆದು ಹೊಸ ಪೈಸೆ ತಂದರು. ಒಂದಾಣೆಗೆ ಆರು ಪೈಸೆಯೋ ಆರೂಕಾಲೋ ಎಂದು ಸಭೆಗಳಲ್ಲಿ ಜಗಳ ಶುರುವಾಯಿತು. ಕೊಡಬಾರದು ಎಂದಿದ್ದವರಿಗೆ ಇದಕ್ಕಿಂತ ಒಳ್ಳೆಯ ನೆವ ಬೇಕೇ? ಆಗ ನಮ್ಮ ಖಜಾಂಚಿ ಎದ್ದುನಿಂತ. ತೆಳ್ಳಗಿನ ಉದ್ದನೆಯ ಆಳು, ಬಿಳಿ ಟೋಪಿ, ಕಿವಿಯ ಮೇಲೆ ಪೆನ್ಸಿಲ್.

“ನಗದ ರೊಕ್ಕ ಯಾರ ಕಡೆನೂ ಇಲ್ಲ. ಖರೇ ಹೌದಿಲ್ಲೋ?”

“ಹೌದ್ರೀ!” ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. ಸಂಘದಲ್ಲಿ ಸರ್ವಾನುಮತದಿಂದ ಪಾಸಾದ ಮೊದಲ ಮಾತು ಅದು.

“ಆದ್ರ ಎಲ್ಲಾರ ಗಂಟಿನ್ಯಾಗೂ ರೊಟ್ಟಿ ಅದಾವ. ಇನ್ನ ಮ್ಯಾಲೆ ವರ್ಗಣಿ ರೊಟ್ಟೀಲೇ ಕೊಡ್ರಿ.”

ನಕ್ಕೆವು. ಆದರೆ ಹುಚ್ಚನ ಮಾತಿನಲ್ಲಿ ಲೆಕ್ಕವಿತ್ತು. ಊರಿಗೆ ಹೋಗಿಬಂದವರ ಕೈಯಲ್ಲೆಲ್ಲ ಖಡಕ್ ರೊಟ್ಟಿಯ ಗಂಟು ಇರುತ್ತಿತ್ತು. ತಿಂಗಳಾನುಗಟ್ಟಲೆ ಕೆಡದ ಜೋಳದ ರೊಟ್ಟಿ. ಮೆಸ್ಸಿನ ಅನ್ನ ಉಂಡು ಎರಡು ತಾಸಿಗೆ ಹೊಟ್ಟೆ ಚುರುಗುಟ್ಟುತ್ತಿದ್ದ ಹುಡುಗರು ಧಾರವಾಡದ ತುಂಬ ಇದ್ದರು. ಖಜಾಂಚಿ ರೊಟ್ಟಿಯನ್ನು ವರ್ಗಣಿಯಾಗಿ ಜಮಾ ಮಾಡಿಕೊಂಡು ಅವರಿಗೆ ಮಾರತೊಡಗಿದ. ಆರು ತಿಂಗಳಲ್ಲಿ ನಮ್ಮ ಸಂಘಕ್ಕೆ ದಿನಪತ್ರಿಕೆ ಬಂತು, ಚಿಮಣಿ ಹೋಗಿ ಕಂದೀಲು ಬಂತು, ತಂಗಡಗಿಯ ಬಡ ಹುಡುಗನೊಬ್ಬನ ಪರೀಕ್ಷೆ ಫೀ ತುಂಬಿತು. ಎಲ್ಲ ರೊಟ್ಟಿಯ ಪ್ರತಾಪ!

ಆದರೆ ಪ್ರತಾಪದ ಹಿಂದೆ ನಾವು ಪಟ್ಟ ಪಾಡು ದೇವರಿಗೇ ಪ್ರೀತಿ. ರೊಟ್ಟಿ ಮುರಿದಿದ್ದರೆ ಅವನು ಹಾಗೆಯೇ ಜಮಾ ಮಾಡಿಕೊಳ್ಳುತ್ತಿರಲಿಲ್ಲ. ಹಳೆಯ ಪೇಪರಿನ ಮೇಲೆ ಚೂರುಗಳನ್ನು ಹರಡಿ, ಅಂಚಿಗೆ ಅಂಚು ಕೂಡಿಸಿ, ದುಂಡಗಾದರೆ ಒಂದು, ಆಗದಿದ್ದರೆ ಅರ್ಧ. ಸಿಂದಗಿಯ ನಮ್ಮ ದಸ್ತಗೀರ ಒಮ್ಮೆ ಬಸ್ಸಿನಲ್ಲಿ ಗಂಟಿನ ಮೇಲೆಯೇ ಕುಳಿತು ಬಂದಿದ್ದ. ಇಪ್ಪತ್ತು ರೊಟ್ಟಿ ನುಚ್ಚುನೂರು! ಖಜಾಂಚಿ ಮಧ್ಯಾಹ್ನದಿಂದ ಸಂಜೆಯವರೆಗೆ ಕೂಡಿಸಿ, “ಹನ್ನೊಂದೂವರಿ” ಎಂದ.

“ಖಜಾಂಚಿ ಸಾಹೇಬ್ರ, ನಮ್ಮವ್ವ ಇಪ್ಪತ್ತ ಎಣಿಸಿ ಕಟ್ಟ್ಯಾಳ್ರಿ!”

“ಅವ್ವ ಇಪ್ಪತ್ತ ಕಟ್ಟ್ಯಾಳಪ್ಪ, ನೀ ಎಂಟೂವರಿ ಕುಂಡಿಗೆ ಹತ್ತಿಸ್ಕೊಂಡ ಬಂದಿ. ಜಾಡಿಸಿ ಕೊಡು, ಜಮಾ ಮಾಡ್ತೇನಿ.”

ದಸ್ತಗೀರ ಮೂರು ದಿನ ಅವನೊಡನೆ ಮಾತು ಬಿಟ್ಟ. ನಾಲ್ಕನೆಯ ದಿನ ಹಸಿವಾಗಿ ತಾನೇ ಮಾತಾಡಿಸಿದ.

ರೊಟ್ಟಿ ಬೇಕಾದರೆ ಅರ್ಜಿ ಬರೆಯಬೇಕು. ಕಾರಣ ತೋರಿಸಬೇಕು. “ಹಸಿವು” ಎಂದು ಬರೆದರೆ, “ಎಷ್ಟು?” ಎಂದು ಬದಿಯಲ್ಲಿ ಪೆನ್ಸಿಲಿನಲ್ಲಿ ಟಿಪ್ಪಣಿ ಹಾಕಿ ಹಿಂದಕ್ಕೆ ಕೊಡುತ್ತಿದ್ದ. ಒಂದು ಸಲ ನನಗೆ ಜ್ವರ ಬಂದು ಬಾಯಿ ಕೆಟ್ಟು, ರೊಟ್ಟಿ ಬೇಡಿದೆ. ಜ್ವರದಲ್ಲಿಯೂ ಅರ್ಜಿ ಬರೆಸಿಕೊಂಡ, ಪುಣ್ಯಾತ್ಮ! ಆಮೇಲೆ ಹೋಗಿ ಹಾಲು ಕಾಸಿಕೊಂಡು ಬಂದು, ರೊಟ್ಟಿ ಚೂರುಮಾಡಿ ನೆನೆಸಿ, ತಲೆ ಎತ್ತಿ ಹಿಡಿದು ತಾನೇ ಉಣ್ಣಿಸಿದ. ಹಾಲಿಗೆ ಅರ್ಜಿ ಕೇಳಲಿಲ್ಲ. ಅದು ಅವನ ಸ್ವಂತ ರೊಕ್ಕದ್ದು.

ವರ್ಷದ ಕೊನೆಗೆ ಲೆಕ್ಕ ತಪಾಸಣೆಗೆಂದು ಪ್ರಾಧ್ಯಾಪಕರೊಬ್ಬರು ಬಂದರು. ಮೈಸೂರು ಕಡೆಯವರು, ಪಾಪ. ಜಮಾಖರ್ಚಿನ ಕಿರ್ದಿ ಪುಸ್ತಕ ತೆರೆದು ಕನ್ನಡಕ ಒರೆಸಿಕೊಂಡರು.

“ಏನಪ್ಪಾ ಇದು? ಉಳಿದ ಶಿಲ್ಕು ಇನ್ನೂರ ಹನ್ನೆರಡೂವರೆ ಅಂತ ಇದೆ. ರೂಪಾಯಿ ತಾನೆ?”

“ಅಲ್ರೀ ಸರ್, ರೊಟ್ಟಿ.”

“ರೊಟ್ಟಿ!”

“ಹೌದ್ರಿ. ಎಣಿಸಿ ತೋರಸ್ಲೇನ್ರಿ?”

ತಗಡಿನ ಪೆಟ್ಟಿಗೆ ತೆರೆಯಿತು. ಅವರು ಒಂದು ಚೂರು ಮುರಿದು ಅನುಮಾನದಿಂದ ಬಾಯಿಗೆ ಹಾಕಿಕೊಂಡರು. ದಸ್ತಗೀರ ಮೆಲ್ಲಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನು ಮುಂದೆ ಸರಿಸಿದ. ತಪಾಸಣೆ ಒಂದು ತಾಸು ಬಹಳ ಕಟ್ಟುನಿಟ್ಟಾಗಿ ನಡೆಯಿತು. “ಲೆಕ್ಕ ಸರಿಯಾಗಿದೆ” ಎಂದು ರುಜು ಹಾಕಿ, ಬಾಯಿ ಒರೆಸಿಕೊಂಡು ಅವರು ಮೆಟ್ಟಿಲು ಇಳಿಯುವ ಮೊದಲೇ ನಮ್ಮವನು ಕಿರ್ದಿಯಲ್ಲಿ ಬರೆದಿದ್ದ: “ತಪಾಸಣೆ ಖರ್ಚು, ರೊಟ್ಟಿ ಮೂರು.”

ಇಷ್ಟು ನಕ್ಕೆವಲ್ಲ, ಇನ್ನು ಮುಂದಿನದನ್ನು ಹೇಳಲು ನನಗೆ ಸ್ವಲ್ಪ ಕಷ್ಟ. ಹೇಳದೆ ಬಿಟ್ಟರೆ ಅದಕ್ಕಿಂತ ಕಷ್ಟ.

ಕೊನೆಯ ವರ್ಷ, ಪರೀಕ್ಷೆಗೆ ಒಂದು ತಿಂಗಳಿರುವಾಗ, ಗೊಳಸಂಗಿಯಿಂದ ಅವನಿಗೊಂದು ಗಂಟೂ ಕಾಗದವೂ ಬಂದವು. ಕಾಗದ ಅಣ್ಣ ಬರೆದದ್ದು, ಮಾತು ಅವ್ವನದು. ಅವಳ ಕಣ್ಣು ಪೂರಾ ಮಂಜಾಗಿತ್ತು. ಒಲೆಯ ಮುಂದೆ ಎರಡು ಸಲ ಕೈ ಸುಟ್ಟುಕೊಂಡಿದ್ದಳು. ಇನ್ನು ಮೇಲೆ ರೊಟ್ಟಿಯ ಕೆಲಸ ಅಣ್ಣನ ಹೆಂಡತಿ ವೈನಿಯದೇ. “ಇವು ನನ್ನ ಕೈಲೇ ಬಡದ ಕಡೀ ರೊಟ್ಟಿ. ತಿಂದು ಹೆಂಗಿದ್ವು ತಿಳಸು” ಎಂದು ಬರೆಸಿದ್ದಳು. ಅವನು ಕಾಗದವನ್ನು ನನಗೆ ಓದಿ ಹೇಳಿ, ಮಡಚಿ ಟೋಪಿಯೊಳಗೆ ಇಟ್ಟುಕೊಂಡ.

“ಈಗ ತಿನ್ನಂಗಿಲ್ಲ. ಪರೀಕ್ಷಾ ಮುಗದ ದಿನ ಸಮಾಧಾನದಿಂದ ಕುಂತು ತಿಂತೇನಿ. ಮುಗದ ಹೋದ್ರ ಮತ್ತ ಸಿಗೂದಿಲ್ಲೋ ಮಾರಾಯಾ.”

ಲೆಕ್ಕದ ಹೊರತು ಇನ್ನೊಂದು ಆಸೆಯನ್ನು ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುವಾರ ನೌಕರಿಯ ಮುಲಾಖತ್ತಿಗೆಂದು ಅವನು ಬೆಳಗಾವಿಗೆ ಹೋದ. ಪೆಟ್ಟಿಗೆಯ ಕೀಲಿಯನ್ನು ಜೀವ ಬಿಟ್ಟುಕೊಟ್ಟಂತೆ ನನ್ನ ಕೈಗಿಟ್ಟ. ಅವತ್ತೇ ಮಧ್ಯಾಹ್ನ ಮೆಸ್ಸು ಬಂದ್. ದಸ್ತಗೀರ ಮತ್ತು ಇನ್ನಿಬ್ಬರು ನನ್ನ ಖೋಲಿಗೆ ಬಂದು ಕುಳಿತರು. “ಅರ್ಜಿ ಇಲ್ದ ರೊಟ್ಟಿ ತಿಂದು ನೋಡೂಣೋ, ಒಮ್ಮೆರ ಸ್ವಾತಂತ್ರ್ಯ ಬರ್ಲಿ!” ಎಂದ ದಸ್ತಗೀರ. ನನಗೂ ಅಧಿಕಾರ ನೆತ್ತಿಗೇರಿತ್ತು. ಪೆಟ್ಟಿಗೆ ತೆರೆದೆ. ಶಿಲ್ಕು ಆ ವಾರವಷ್ಟೇ ಮಾರಾಟವಾಗಿ, ತಳದಲ್ಲಿ ಹಳೆಯ ನೀಲಿ ಸೀರೆಯ ತುಂಡಿನಲ್ಲಿ ಒಂದೇ ಗಂಟು ಉಳಿದಿತ್ತು. ಬಿಚ್ಚಿದರೆ ಐದು ರೊಟ್ಟಿ. ನಾಲ್ವರು ಒಂದೊಂದು ತಿಂದೆವು. ಐದನೆಯದನ್ನು ಕಾರ್ಯದರ್ಶಿಯ ಹಕ್ಕೆಂದು ನಾನೇ ತಿಂದೆ.

ಅವ್ವನ ಗಂಟನ್ನು ಅವನು ತನ್ನ ಸ್ವಂತ ಟ್ರಂಕಿನಲ್ಲಿ ಇಟ್ಟಿದ್ದಾನೆಂದೇ ನಾನು ತಿಳಿದಿದ್ದೆ. ಯಾವ ಮನುಷ್ಯನಾದರೂ ಹಾಗೆಯೇ ಇಡುತ್ತಾನಲ್ಲ! ಈ ಪುಣ್ಯಾತ್ಮ ಅದನ್ನೂ ಕಿರ್ದಿಯಲ್ಲಿ ಬರೆದು ಸಂಘದ ಪೆಟ್ಟಿಗೆಗೆ ಹಾಕಿದ್ದ. ಸದಸ್ಯನ ಮನೆಯಿಂದ ಬಂದ ರೊಟ್ಟಿ ಮೊದಲು ಸಂಘಕ್ಕೆ ಸೇರಬೇಕು, ಆಮೇಲೆ ಅರ್ಜಿ ಹಾಕಿ ತನ್ನ ಪಾಲು ಪಡೆಯಬೇಕು. ನಿಯಮ ಮಾಡಿದವನು ತಾನೇ ಅಲ್ಲವೇ? ಪರೀಕ್ಷೆ ಮುಗಿಯುವ ದಿನದ ತಾರೀಖು ಹಾಕಿ ಒಂದು ರೊಟ್ಟಿಗೆ ಅರ್ಜಿಯನ್ನೂ ಬರೆದು ಕಿರ್ದಿಯಲ್ಲಿ ಇಟ್ಟಿದ್ದ. ಐದರಲ್ಲಿ ಒಂದು. ಉಳಿದ ನಾಲ್ಕು ಸಂಘದವು!

ಬೆಳಗಾವಿಯಿಂದ ಬಂದವನು ಪೆಟ್ಟಿಗೆ ತೆರೆದ. ಬರಿದಾದ ನೀಲಿ ಬಟ್ಟೆಯನ್ನು ಕೈಗೆತ್ತಿಕೊಂಡ. ಬಯ್ಯುತ್ತಾನೆಂದು ಕಾದೆ. ಬಯ್ದಿದ್ದರೆ ನನ್ನ ಎದೆ ಹಗುರವಾಗುತ್ತಿತ್ತು. ಅವನು ಬಟ್ಟೆಗೆ ಅಂಟಿದ್ದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿ, ಮತ್ತೆ ಬಟ್ಟೆಗೇ ಒರೆಸಿದ. ಆಮೇಲೆ ನನ್ನ ಎದುರು ಕುಳಿತ.

“ಹೆಂಗಿತ್ತೋ?”

“ತಪ್ಪಾತಪ್ಪ. ನನಗ ಗೊತ್ತಿರ್ಲಿಲ್ಲ...”

“ಅದನ್ನ ಕೇಳಿಲ್ಲ. ರೊಟ್ಟಿ ಹೆಂಗಿತ್ತು ಹೇಳು. ಅವ್ವಗ ಬರೀಬೇಕು. ನಾ ತಿಂದೇನಂತ ಸುಳ್ಳ ಬರ್ಯಾಕ ಬರೂದಿಲ್ಲ.”

 ಹರಟೆ ಹೊಡೆಯುತ್ತ ಗಬಗಬ ತಿಂದಿದ್ದೆ. ರುಚಿ ನೋಡಿದ್ದು ಯಾರು? ಅವನು ಒಂದೊಂದಾಗಿ ಕೇಳಿದ. ತೆಳ್ಳಗಿತ್ತೇ? ಎಳ್ಳು ಹಚ್ಚಿದ್ದಳೇ? ಒಂದು ಬದಿ ಕರಿಕಾಗಿತ್ತೇ? ನೆನಪಿಗೆ ಬಂದಷ್ಟು ಹೇಳಿದೆ. ಎಳ್ಳು ಒಂದೇ ಕಡೆ ಗುಂಪಾಗಿ ಬಿದ್ದಿತ್ತು ಎಂದಾಗ ಅವನ ಕಣ್ಣು ತುಂಬಿದವು. ಕಾಣದ ಕಣ್ಣಿನಲ್ಲಿ ತಡವರಿಸಿ ಹಚ್ಚಿದ ಎಳ್ಳು ಅದು. ನಾನು ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಪರೀಕ್ಷೆ ಮುಗಿದ ಮೇಲೆ ನನ್ನನ್ನು ಬಿಡದೆ ಗೊಳಸಂಗಿಗೆ ಕರೆದುಕೊಂಡು ಹೋದ. ಪಡಸಾಲೆಯಲ್ಲಿ ಅವನ ಅವ್ವ ಕಂಬಕ್ಕೆ ಒರಗಿ ಕುಳಿತಿದ್ದಳು.

“ಅವ್ವಾ, ನನ್ನ ಪಾಲಿನ ರೊಟ್ಟಿ ತಿಂದಾವ ಇವ. ಹೆಂಗಿತ್ತಂತ ಇವನ್ನ ಕೇಳು.”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವಳು ಕೈ ಚಾಚಿ ನನ್ನ ಮುಖ ತಡವಿದಳು, ಕೆನ್ನೆ, ಗಲ್ಲ, ಕಿವಿ.

“ಹೊಟ್ಟಿ ತುಂಬ್ತಿಲ್ಲೋ ಯಪ್ಪಾ?”

“ತುಂಬ್ತು, ಯವ್ವಾ.”

“ಅಷ್ಟಾದ್ರ ಸಾಕು. ಇವ ತಿಂದ್ರೇನು, ನೀ ತಿಂದ್ರೇನು?”

ಅವಳಿಗೆ ಸಾಕಾಗಿತ್ತು. ಖಜಾಂಚಿಗೆ ಸಾಕಾಗುತ್ತದೆಯೇ? ಸಂಘದ ಲೆಕ್ಕ ಮುಚ್ಚುವಾಗ ಕಿರ್ದಿಯ ಕೊನೆಯ ಪುಟದಲ್ಲಿ ಬರೆದ: “ಕಾರ್ಯದರ್ಶಿಯಿಂದ ಬರಬೇಕಾದ ಬಾಕಿ, ಅವ್ವನ ರೊಟ್ಟಿ ಒಂದು.” ಕೆಳಗೆ ನನ್ನ ರುಜು ಹಾಕಿಸಿಕೊಂಡ. ಅಲ್ಲಿಂದ ಮುಂದೆ ನಾವಿಬ್ಬರೂ ನೌಕರಿ ಹಿಡಿದೆವು, ಮದುವೆಯಾದೆವು, ಮಕ್ಕಳ ಮದುವೆ ಮಾಡಿದೆವು, ತಲೆ ಬೋಳಾಯಿತು. ಎಲ್ಲಿ ಸಿಕ್ಕರೂ, ಇಂಡಿಯ ಸಂತೆಯಾಗಲಿ ಬಾಗೇವಾಡಿಯ ಬಸ್ ಸ್ಟ್ಯಾಂಡಾಗಲಿ, ನಮಸ್ಕಾರಕ್ಕಿಂತ ಮೊದಲು ಅವನು ಕೂಗುತ್ತಿದ್ದುದು ಒಂದೇ.

“ಏ ಕಾರ್ಯದರ್ಶೀ! ನನ್ನ ರೊಟ್ಟಿ ಬಾಕಿ ಐತಿ!”

ಸುತ್ತಲಿನ ಜನ ತಿರುಗಿ ನೋಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. “ಬಡ್ಡಿ ಹಾಕ್ಕೋ ಹೋಗೋ!” ಎನ್ನುತ್ತಿದ್ದೆ. ಅವನು ಮನೆಗೆ ಬಂದರೆ ನನ್ನ ಹೆಂಡತಿ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ನಾಲ್ಕು ತಿಂದು, ನೀರು ಕುಡಿದು, “ಛಲೋ ಅದಾವ ತಂಗಿ, ಆದ್ರ ಇವು ಲೆಕ್ಕಕ್ಕ ಹಿಡಿಯೂ ಹಂಗಿಲ್ಲ” ಎನ್ನುತ್ತಿದ್ದ.

ಹೋದ ವರ್ಷ ಅವನ ಮಗ ಬಂದು ಆ ಕಿರ್ದಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟ. ನೀಲಿ ಸೀರೆಯ ತುಂಡಿನಲ್ಲಿ ಕಟ್ಟಿತ್ತು. “ಕಾಕಾ, ಕಣ್ಣ ಮುಚ್ಚೂ ಮುಂದ ನಿಮಗ ಮುಟ್ಟಸಂತ ಹೇಳಿ ಹೋದ್ರು ಅಪ್ಪ” ಎಂದ. ಕೊನೆಯ ಪುಟ ತೆರೆದು ನೋಡಿದೆ. ಬಾಕಿಯನ್ನು ಹೊಡೆದುಹಾಕಿರಬಹುದು, ಮನ್ನಾ ಮಾಡಿರಬಹುದು ಎಂದು ಆಸೆಯಿಂದ ನೋಡಿದೆ. ಎಲ್ಲಿಯದು! ನನ್ನ ಹರೆಯದ ರುಜು, ಅವನ ಪೆನ್ಸಿಲಿನ ಅಕ್ಷರ, ಎಲ್ಲ ಹಾಗೆಯೇ ಇದ್ದವು.

ಮನ್ನಾ ಮಾಡಲಿಲ್ಲವಲ್ಲ, ಅದೇ ಈಗ ನನ್ನ ಸಮಾಧಾನ. ಊಟಕ್ಕೆ ಕುಳಿತಾಗ ತಾಟಿನ ಬದಿಗೆ ಒಂದು ರೊಟ್ಟಿ ತೆಗೆದಿಡುತ್ತೇನೆ.  ಹೊರಗೆ ಬಸ್ ನಿಂತ ಸದ್ದಾದರೆ ಕಿವಿ ಆ ಕಡೆಗೇ ಹೋಗುತ್ತದೆ. ಬಾರೋ ಮಾರಾಯಾ, ಓಣಿಯ ಜನವೆಲ್ಲ ಕೇಳುವ ಹಾಗೆ ಒಮ್ಮೆ ಕೂಗು. ಸಿಟ್ಟಾಗುವುದಿಲ್ಲ. ಬಾಕಿ ಇದ್ದದ್ದು ಹೌದು.