ಛತ್ತಿನ ಮೂಲೆಗೆ ಪಟ್ಟಿ ಹಚ್ಚುವಾಗ

ಗೋಡೆ, ಛತ್ತು ಸೇರುವಲ್ಲಿ ಕಟ್ಟಿಗೆಯ ಅಂಚುಪಟ್ಟಿ ಹಚ್ಚುವುದು ನನ್ನ ಕಸುಬು. ಛತ್ತು ಇಳಿಜಾರಾಗಿದ್ದರೆ ಮೂಲೆಯಲ್ಲಿ ಪಟ್ಟಿಯನ್ನು ಎರಡು ಕಡೆಗೂ ಓರೆಯಾಗಿ ಕೊಯ್ಯಬೇಕು. ಅಂಥ ಮನೆಯಲ್ಲಿ ಏನೂ ಆಗದೆ ನಾನು ಏಣಿ ಇಳಿದದ್ದು ಕಡಿಮೆ.

ನೌಬಾದದ ಕೊನೆಯ ತುಂಡು

ನೌಬಾದದಲ್ಲಿ ಒಂದು ಹೊಸ ಮನೆ. ಸಂಜೆಗೆ ಅದರ ಓಪನಿಂಗ್, ಅಂದರೆ ಗೃಹಪ್ರವೇಶ. ಉಳಿದದ್ದು ಒಂದೇ ಮೂಲೆ, ಕೈಯಲ್ಲಿ ಸಾಗವಾನಿಯ ಒಂದೇ ತುಂಡು. ಮನೆಯ ಯಜಮಾನ ಸಾಹೇಬರು ಏಣಿಯ ಕೆಳಗೇ ನಿಂತಿದ್ದರು. ಕೊಯ್ದೆ, ಹತ್ತಿದೆ, ಇಟ್ಟು ನೋಡಿದೆ. ಬಲ ಮೂಲೆಗೆ ಎಡ ಮೂಲೆಯ ಓರೆ ಕೊಯ್ದಿದ್ದೆ. ಸಾಹೇಬರು ಮೇಲೆ ನೋಡಿ ಮೆಲ್ಲಗೆ ಅಂದರು:

"ಖರಾಬ್ ಏನಾಗಿಲ್ಲ ಬಿಡ್ರಿ. ಬಾಜೂ ಮನಿ ನಮ್ಮ ಮನಿದು ಉಲ್ಟಾ ಅದ. ಅವರಿಗಿ ಬರಾಬರ್ ಕೂಡ್ತದ."

ಭಾಲ್ಕಿಯ ಗೋಡೆ

ಭಾಲ್ಕಿಯ ಒಂದು ಮನೆಯಲ್ಲಿ ಮೂಲೆಮಟ್ಟ ಹಿಡಿದು ನೋಡಿ, ಗೋಡೆ ಸೊಟ್ಟ ಇದೆ ಅಂದೆ. ಆ ಗೋಡೆ ಕಟ್ಟಿದವನು ಮನೆಯೊಡತಿಯ ಸ್ವಂತ ತಮ್ಮನಂತೆ. ಯಜಮಾನರು ಹೆಂಡತಿಯ ಮುಖ ನೋಡಲಿಲ್ಲ. ಆಕೆ ಅವರ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಕಡೆಗೆ ತಮ್ಮನನ್ನೇ ಕರೆಸಿದರು. ಅವನು ಒಂದು ಕಣ್ಣು ಮುಚ್ಚಿ ಗೋಡೆ ನೋಡಿದ, ಕೂತು ನೋಡಿದ, ಅಕ್ಕನ ಮುಖವನ್ನೂ ನೋಡಿದ.

"ಗ್ವಾಡಿ ಸೀದಾ ಅದ ಅಕ್ಕಾ," ಅಂದ. "ಈ ಕಡಿ ಜಮೀನೇ ಸೊಟ್ಟ ಅದ."

ಚಿಂತಾಕಿಯಲ್ಲಿ ಕನ್ಯಾ ನೋಡಲು ಬಂದವರು

ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ಪಡಸಾಲೆಯ ಇಳಿಜಾರು ಮೂಲೆಗೆ ಉದ್ದದ ಪಟ್ಟಿ ಅಂಟಿಸಿ, ಎರಡೂ ಕೈಯಿಂದ ಒತ್ತಿ ಹಿಡಿದು ಏಣಿಯ ಮೇಲೆ ನಿಂತಿದ್ದೆ. ಆ ಮನೆಯ ಮಗಳನ್ನು ನೋಡಲು ಬರುವವರು ಹೇಳಿದ್ದಕ್ಕಿಂತ ಮೊದಲೇ ಬಂದು ಕೆಳಗೆ ಕೂತುಬಿಟ್ಟರು. ಪಟ್ಟಿಯ ಇನ್ನೊಂದು ತುದಿ ನಿಧಾನವಾಗಿ ಜೋತು ಬೀಳತೊಡಗಿತು. ಸರಿಯಾಗಿ ಅದರ ಕೆಳಗೆ ಹುಡುಗನ ತಂದೆಯ ತಲೆ. ಹುಡುಗಿಯ ತಂದೆ ನನ್ನನ್ನು ನೋಡಿಯೂ ನೋಡದವರಂತೆ ಅವಲಕ್ಕಿ ತಿನ್ನಲು ಒತ್ತಾಯ ಮಾಡುತ್ತಿದ್ದರು. ನಾನು ಈ ತುದಿ ಬಿಟ್ಟು ಅತ್ತ ಹೋಗುವಂತಿರಲಿಲ್ಲ.

ಹುಡುಗಿ ಚಹಾ ತಂದಳು. ಮೇಲೆ ನೋಡಿದಳು. ತಟ್ಟೆ ಕೆಳಗಿಟ್ಟು ಹುಡುಗನಿಗೆ ಅಂದಳು: "ಆ ಸ್ಟೂಲ್ ಹತ್ತಿ ತುದಿ ಹಿಡೀರಿ. ಜಲ್ದಿ."

ಇಸ್ತ್ರಿ ಅಂಗಿಯ ಹುಡುಗ ಹತ್ತಿ ಹಿಡಿದ. ಅಂಟು ಹಿಡಿಯುವವರೆಗೆ ಹಾಗೇ ನಿಂತ. ಅವನು ಇಳಿದ ಮೇಲೆ ಅವನ ತಂದೆ, ಹುಡುಗ ಪಸಂದ್ ಆದನೇನವ್ವಾ ಎಂದು ಹುಡುಗಿಯನ್ನೇ ಕೇಳಿದರು.

"ಇಷ್ಟೊತ್ತನಕ ಕೈ ಬಿಡ್ಲಿಲ್ಲಲ್ರಿ," ಅಂದಳು ಆಕೆ. "ನಡೀತದ."

ಎಲ್ಲರೂ ನಕ್ಕರು, ಸಂಬಂಧ ಕೂಡಿತೆಂದು ಸಕ್ಕರೆ ಹಂಚಿಕೊಂಡರು. ಅವನಿಗಿಂತ ಮೊದಲಿನಿಂದ ಕೈ ಬಿಡದೆ ನಿಂತವನು ನಾನು. ನನಗೆ ಇಳಿ ಅಂತ ಸಹ ಯಾರೂ ಅನ್ನಲಿಲ್ಲ.